ತಾಯಿ ಕಾರ್ಡಿನ 10.2: ಸಕಲೇಶಪುರ ಸೀಮೆಯ ಕಾಫಿ ತೋಟದ ಒಂದು ಗರ್ಭಿಣಿ ಆರೈಕೆ ಪ್ರಕರಣ

ಇದು ಯಾರೋ ಒಬ್ಬರ ಆಸ್ಪತ್ರೆ ಕಡತವಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಕಾರರ ಸಾಲುಮನೆಗಳಲ್ಲಿ, ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ಗರ್ಭಿಣಿಯ ಒಂಬತ್ತು ತಿಂಗಳಿಗೆ ಜೋಡಿಸಿ ಬರೆದ ಪ್ರಕರಣ. 10.2 ಎಂಬುದು ಅವಳ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ಮೊದಲು ದಾಖಲಾದ ಹಿಮೋಗ್ಲೋಬಿನ್ ಸಂಖ್ಯೆ. ವಾರಗಳ ಲೆಕ್ಕ ಸುಲಭವಾಗಲೆಂದು 2024–25ರ ಕ್ಯಾಲೆಂಡರನ್ನೇ ಇಟ್ಟುಕೊಂಡಿದ್ದೇವೆ. ಔಷಧದ ಪ್ರಮಾಣ ಮತ್ತು ಅಳತೆಯ ಮಿತಿಗಳು ಈಗ ಚಾಲ್ತಿಯಲ್ಲಿರುವ ಮಾರ್ಗಸೂಚಿಗಳವು.

ಹಿನ್ನೆಲೆ

ವಯಸ್ಸು 22, ಚೊಚ್ಚಲ ಬಸುರಿ, ತವರು ಅರಸೀಕೆರೆ ತಾಲ್ಲೂಕು. ನವೆಂಬರ್ ಕೊನೆಗೆ ಗಂಡನ ಜೊತೆ ಅರೇಬಿಕಾ ಕೊಯ್ಲಿಗೆ ಬಂದು, ರೋಬಸ್ಟಾ ಕೊಯ್ಲು ಮುಗಿದ ಮೇಲೂ ತೋಟದಲ್ಲೇ ಉಳಿದವಳು. ಉಪಕೇಂದ್ರ 5 ಕಿ.ಮೀ., ಪ್ರಾಥಮಿಕ ಆರೋಗ್ಯ ಕೇಂದ್ರ 14 ಕಿ.ಮೀ., ತಾಲ್ಲೂಕು ಆಸ್ಪತ್ರೆ 30 ಕಿ.ಮೀ. ಅಲ್ಲಿಂದ ಹಾಸನ ಇನ್ನೂ 40 ಕಿ.ಮೀ. ಹತ್ತಿರ.

ನೋಂದಣಿ ಆದದ್ದು ಫೆಬ್ರವರಿ 20ರ ಗುರುವಾರ, ಲಸಿಕೆ ದಿನ. ಆಗಲೇ 18 ವಾರ ದಾಟಿತ್ತು. 12 ವಾರದೊಳಗೆ ಆಗಬೇಕಾದ ಮೊದಲ ತಪಾಸಣೆ ಇಷ್ಟು ತಡವಾಗಲು ಅಜ್ಞಾನ ಕಾರಣವಲ್ಲ. ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕದ್ದು, ಒಂದು ದಿನ ಬಿಟ್ಟರೆ ಅಷ್ಟೂ ಹೋಯಿತು. ಆಶಾ ಕಾರ್ಯಕರ್ತೆಯ ಮನೆ ಪಟ್ಟಿಯಲ್ಲಿ ಈ ಲೈನ್ ಮನೆಯೇ ಇರಲಿಲ್ಲ. ಕೊಯ್ಲಿಗೆ ಬಂದವರು ಹೊರಗಿನವರು, ಮುಗಿದ ಮೇಲೆ ಹೋಗುವವರು ಎಂಬ ಎಣಿಕೆ. ಇದಕ್ಕೆ ಒಂದೇ ಒಂದು ಕೆಲಸ ಸಾಕು: ನವೆಂಬರಿನಿಂದ ಮಾರ್ಚಿಯವರೆಗೆ ತಿಂಗಳಿಗೊಮ್ಮೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹೊಸದಾಗಿ ಬಂದವರ ಪಟ್ಟಿ ಕೇಳಿ ಪಡೆಯುವುದು, ಮುಟ್ಟು ತಪ್ಪಿದವರಿಗೆ ಉಚಿತವಾಗಿ ಸಿಗುವ ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಕೊಡುವುದು.

ಕೊನೆಯ ಮುಟ್ಟಿನ ತಾರೀಖು ಅವಳಿಗೆ ಗೊತ್ತಿರಲಿಲ್ಲ. ‘ಅಂದಾಜು ಐದು ತಿಂಗಳು’ ಎಂದು ಬರೆದು ಮುಂದೆ ಹೋಗುವುದು ರೂಢಿ. ಇಲ್ಲಿ ಉಪಕೇಂದ್ರದ ಆರೋಗ್ಯ ಸುರಕ್ಷಾಧಿಕಾರಿ, ಅಂದರೆ ಊರವರ ಬಾಯಲ್ಲಿ ಸಿಸ್ಟರ್, ಹಬ್ಬ ಹಿಡಿದು ಕೇಳಿದರು: ಆಯುಧಪೂಜೆಗೆ ಮೊದಲೋ, ಆಮೇಲೋ? ಬನ್ನಿ ಕೊಟ್ಟ ಮರುದಿನ ಎಂದಳು. 2024ರ ವಿಜಯದಶಮಿ ಅಕ್ಟೋಬರ್ 12, ಹಾಗಾಗಿ ಮುಟ್ಟಿನ ದಿನ 13. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಜುಲೈ 20. ಹೊಟ್ಟೆ ಮುಟ್ಟಿ ನೋಡಿದಾಗ ಗರ್ಭಕೋಶದ ಮೇಲಂಚು ಹೊಕ್ಕುಳಿಗಿಂತ ಕೆಳಗಿತ್ತು. ಹೊಕ್ಕುಳ ಮಟ್ಟಕ್ಕೆ ಬರುವುದು ಸುಮಾರು 24 ವಾರಕ್ಕೆ, ಹಾಗಾಗಿ ತಾಳೆಯಾಯಿತು. ಜೂನ್ ತಿಂಗಳಲ್ಲಿ ತೆಗೆದುಕೊಂಡ ಪ್ರತಿ ತೀರ್ಮಾನವೂ ಈ ಒಂದು ತಾರೀಖಿನ ಮೇಲೆ ನಿಂತಿತ್ತು. ಜೊತೆಗೆ ಜುಲೈ 20 ಎಂದರೆ ಮಲೆನಾಡಿನಲ್ಲಿ ಮಳೆ ಹೊಯ್ಯುವ ನಡುಗಾಲ ಎಂಬುದೂ ಅಂದೇ ಕಾಣಬೇಕಿತ್ತು.

10.2 ಎಲ್ಲಿಂದ ಬಂತು

ಅಂದು ರಕ್ತದ ಬಣ್ಣ ಹೋಲಿಸಿ ಅಳೆಯುವ ಸಾಹ್ಲಿ ವಿಧಾನದಲ್ಲಿ ಹಿಮೋಗ್ಲೋಬಿನ್ 10.2 ಗ್ರಾಂ ಬಂತು. ‘ಹತ್ತರ ಮೇಲಿದೆ, ಪರವಾಗಿಲ್ಲ’ ಎಂದು ದಿನಕ್ಕೊಂದು ಕಬ್ಬಿಣದ ಕೆಂಪು ಮಾತ್ರೆ ಕೊಟ್ಟು ಕಳಿಸಿದರು. ಇಲ್ಲಿ ಎರಡು ತಪ್ಪುಗಳಿವೆ, ಒಂದರ ಮೇಲೊಂದು.

ಚಿಕ್ಕ ತಪ್ಪು: 10.2 ನಿಜವೇ ಆಗಿದ್ದರೂ ಅದು ರಕ್ತಹೀನತೆಯೇ. ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 10ರಿಂದ 10.9 ಅಲ್ಪ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಅಲ್ಪ ಮತ್ತು ಮಧ್ಯಮ ಎರಡಕ್ಕೂ ದಿನಕ್ಕೆ ಎರಡು ಮಾತ್ರೆ. ಒಂದೊಂದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದಿನಕ್ಕೊಂದು ಎಂಬುದು ರಕ್ತ ಸರಿಯಿರುವವರಿಗೆ.

ದೊಡ್ಡ ತಪ್ಪು ಅಳತೆಯಲ್ಲಿತ್ತು. ಸಾಹ್ಲಿ ನಳಿಕೆಗೆ ಎನ್/10 ಹೈಡ್ರೋಕ್ಲೋರಿಕ್ ಆಮ್ಲವನ್ನು 2ರ ಗೆರೆಯವರೆಗೆ ಹಾಕಬೇಕು. ಮೊದಲ ಹನಿ ಒರೆಸಿ, ಬೆರಳು ಹಿಂಡದೆ, 20 ಮೈಕ್ರೋಲೀಟರ್ ಗೆರೆಯವರೆಗೆ ರಕ್ತ ಎಳೆದು, ಪಿಪೆಟ್ಟಿನ ಹೊರಮೈ ಒರೆಸಿ ಆಮ್ಲಕ್ಕೆ ಬಿಡಬೇಕು. ಹತ್ತು ನಿಮಿಷ ಕಾದು, ಬಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಸೇರಿಸುತ್ತ ಪಕ್ಕದ ಕಂದು ಗಾಜಿಗೆ ಬಣ್ಣ ಕೂಡಿಸಬೇಕು. ಹತ್ತು ನಿಮಿಷ ಕಾಯದಿದ್ದರೆ ಬಣ್ಣ ಪೂರ್ತಿ ಬಾರದೆ ಸಂಖ್ಯೆ ಕಡಿಮೆ ಬರುತ್ತದೆ; ಬೆರಳು ಹಿಂಡಿದರೂ ಹಾಗೆಯೇ. ಈ ತಪ್ಪುಗಳಿಂದ ಅಪಾಯ ಕಡಿಮೆ, ಹೆಚ್ಚೆಂದರೆ ಇನ್ನೊಮ್ಮೆ ಪರೀಕ್ಷೆ. ಕೆಟ್ಟದ್ದು ಸಂಖ್ಯೆ ಏರಿಸುವ ತಪ್ಪುಗಳು. ಪಿಪೆಟ್ಟಿನ ಹೊರಗಂಟಿದ ರಕ್ತ ಒರೆಸದಿದ್ದರೆ ಹೆಚ್ಚು ರಕ್ತ ಆಮ್ಲಕ್ಕೆ ಸೇರುತ್ತದೆ. ಹೋಲಿಕೆಯ ಗಾಜಿನ ಬಣ್ಣ ವರ್ಷಗಳಲ್ಲಿ ಮಾಸಿದ್ದರೆ, ಆ ತೆಳು ಬಣ್ಣಕ್ಕೆ ಇಳಿಸಲು ಹೆಚ್ಚು ನೀರು ಹಾಕಬೇಕಾಗಿ ಓದು ಮೇಲೇರುತ್ತದೆ. ಈ ಉಪಕೇಂದ್ರದಲ್ಲಿ ಇದ್ದದ್ದು ಎರಡನೆಯ ತೊಂದರೆ. ಆ ಪೆಟ್ಟಿಗೆಯಿಂದ ನೋಡಿದ ಎಲ್ಲ ಬಸುರಿಯರೂ ಹತ್ತರ ಮೇಲೇ ಇದ್ದರು ಎಂಬುದೇ ಅದರ ಸುಳಿವು. ಕೆಳರೆಪ್ಪೆ, ನಾಲಿಗೆ, ಅಂಗೈ ಬಿಳಿಚಿರುವುದನ್ನು ಹಗಲು ಬೆಳಕಿನಲ್ಲಿ ನೋಡಿದ್ದರೆ 10.2ರ ಮೇಲೆ ಅಂದೇ ಅನುಮಾನ ಬರುತ್ತಿತ್ತು. ಕಣ್ಣು ಮತ್ತು ಯಂತ್ರ ಜಗಳವಾಡಿದರೆ ಎರಡನ್ನೂ ನಂಬದೆ ಮತ್ತೆ ಅಳೆಯಬೇಕು.

ಉಳಿದದ್ದು ಸರಿಯಾಗಿಯೇ ನಡೆಯಿತು: ಟಿ.ಡಿ. (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಮೊದಲ ಡೋಸ್, ನಾಲ್ಕು ವಾರಕ್ಕೆ ಎರಡನೆಯದು. ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಸಕ್ಕರೆ, 118 ಬಂತು. 140 ಅಥವಾ ಹೆಚ್ಚಾದರೆ ಮಾತ್ರ ಗರ್ಭಾವಸ್ಥೆಯ ಮಧುಮೇಹ.

ಬಿ.ಪಿ. 104/66. ಇದರಲ್ಲೂ ಒಂದು ಸಂಶಯವಿದೆ. ಅವಳ ತೋಳಿನ ಸುತ್ತಳತೆ 21 ಸೆ.ಮೀ., ಕಟ್ಟಿದ ಪಟ್ಟಿ 22ರಿಂದ 32 ಸೆ.ಮೀ. ತೋಳಿನದು. ತೆಳು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಓದು ಕಡಿಮೆ ಬರುತ್ತದೆ. ಕೂಲಿ ಮಾಡುವ ಹೆಣ್ಣುಮಕ್ಕಳಲ್ಲಿ ತೆಳು ತೋಳೇ ಹೆಚ್ಚು. ಚಿಕ್ಕ ಪಟ್ಟಿಯೇ ಇಲ್ಲದ ಉಪಕೇಂದ್ರಗಳೂ ಹೆಚ್ಚು. ಚಳಿಗೆ ಹಾಕಿದ ಸ್ವೆಟರ್ ಮೇಲೆಯೇ ಕಟ್ಟುವುದು, ಕೈ ಜೋತುಬಿಟ್ಟಿರುವುದು, ನಡೆದು ಬಂದ ತಕ್ಷಣ ನೋಡುವುದು, ಮಾತಾಡಿಸುತ್ತ ನೋಡುವುದು ಉಳಿದ ತಪ್ಪುಗಳು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಮಟ್ಟಕ್ಕೆ, ಐದು ನಿಮಿಷ ವಿಶ್ರಾಂತಿ. ಅಂದಹಾಗೆ, ಸಾಲಾಗಿ ಮೂರು ಭೇಟಿಯಲ್ಲಿ 120/80 ಎಂದು ಬರೆದ ತಾಯಿ ಕಾರ್ಡನ್ನು ಯಾರೂ ನಂಬಬಾರದು.

7.4, ಮಾತ್ರೆ, ಕಾಫಿ

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ತಿಂಗಳ 9ಕ್ಕೆ. ಮಾರ್ಚ್ 9 ಭಾನುವಾರವಾದ್ದರಿಂದ 10ರಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ನೋಡಿದರು. ಡಿಜಿಟಲ್ ಯಂತ್ರದಲ್ಲಿ ಹಿಮೋಗ್ಲೋಬಿನ್ 7.4. ಹದಿನೆಂಟು ದಿನದಲ್ಲಿ ಯಾರ ರಕ್ತವೂ ಸುಮ್ಮನೆ ಅಷ್ಟು ಇಳಿಯುವುದಿಲ್ಲ. ಮೊದಲ ಸಂಖ್ಯೆ ಸುಳ್ಳು ಎಂದು ಅಲ್ಲಿಗೆ ಗೊತ್ತಾಯಿತು. ದಿನಕ್ಕೆರಡು ಮಾತ್ರೆ, ಆಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಡೋಸ್, ತಿಂಗಳ ನಂತರ ಮತ್ತೆ ರಕ್ತ. ತೇವದ ನೆಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ರಕ್ತ ಹೀರುವ ಕೊಕ್ಕೆಹುಳು ಅಂಟುವುದು ಸುಲಭ, ಆದ್ದರಿಂದ ಜಂತಿನ ಮಾತ್ರೆ ಇಲ್ಲಿ ಶಾಸ್ತ್ರಕ್ಕೆ ಕೊಡುವಂಥದ್ದಲ್ಲ. ಅದು ಮೊದಲ ಮೂರು ತಿಂಗಳು ಕಳೆದ ಮೇಲೆ ಮಾತ್ರ.

ಏಪ್ರಿಲ್ 9ಕ್ಕೆ, 25 ವಾರ ದಾಟಿದಾಗ, 7.8. ಒಂದು ತಿಂಗಳಲ್ಲಿ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ‘ಇನ್ನೊಂದು ತಿಂಗಳು ನೋಡೋಣ’ ಎನ್ನುವಂತಿಲ್ಲ, ಮೇಲಿನ ಆಸ್ಪತ್ರೆಗೆ ಕಳಿಸಬೇಕು.

ಯಾಕೆ ಏರಲಿಲ್ಲ? ಆಶಾ ಮನೆಗೆ ಹೋಗಿ ಪಟ್ಟಿ ಎಣಿಸಿದರು, 60 ಮಾತ್ರೆಯಲ್ಲಿ 22 ಉಳಿದಿದ್ದವು. ಎಣಿಸುವುದಕ್ಕಿಂತ ಚುರುಕಾದ ಪ್ರಶ್ನೆ ಇನ್ನೊಂದಿದೆ: ಮಲ ಕಪ್ಪಗಾಗುತ್ತಿದೆಯೇ? ಕಬ್ಬಿಣದ ಮಾತ್ರೆ ಹೊಟ್ಟೆಗೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಆಗುತ್ತದೆ. ತಿಂದ ಮಾತ್ರೆಗಳೂ ಪೂರ್ತಿ ದಕ್ಕಿರಲಿಲ್ಲ. ಬೆಳಗ್ಗೆ ಏಳಕ್ಕೆ, ಹತ್ತಕ್ಕೆ, ಮೂರಕ್ಕೆ ಬೆಲ್ಲದ ಕಾಫಿ. ಮಾತ್ರೆ ನುಂಗುವುದೂ ಅದರ ಜೊತೆಗೇ. ಕಾಫಿ, ಚಹಾದಲ್ಲಿರುವ ಪಾಲಿಫೀನಾಲ್‌ಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಹೋಗದಂತೆ ಮಾಡುತ್ತವೆ. ಅದರ ಮೇಲೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೂಡಿಸಿಯೇ ನುಂಗುತ್ತಿದ್ದಳು, ‘ಎರಡೂ ಸರ್ಕಾರಿ ಮಾತ್ರೆ, ಒಟ್ಟಿಗೆ ತಗೊಂಡ್ರೆ ಮುಗೀತು’ ಎಂದು.

ಕಾಫಿ ತೋಟದಲ್ಲಿ ಕೆಲಸ ಮಾಡುವವಳಿಗೆ ಕಾಫಿ ಬಿಡು ಎನ್ನುವುದು ವ್ಯರ್ಥ. ಹೊತ್ತು ಬದಲಿಸಿಕೊಟ್ಟರೆ ಸಾಕು. ಕ್ಯಾಲ್ಸಿಯಂ, 500 ಮಿ.ಗ್ರಾಂ ಮಾತ್ರೆ, ಬೆಳಗಿನ ತಿಂಡಿಯೊಂದಿಗೆ ಒಂದು, ಮಧ್ಯಾಹ್ನದ ಊಟದೊಂದಿಗೆ ಒಂದು. ಕಬ್ಬಿಣ ಸಂಜೆ ಐದಕ್ಕೆ ಒಂದು, ರಾತ್ರಿ ಮಲಗುವ ಮೊದಲು ಒಂದು, ನಿಂಬೆಹುಳಿ ನೀರು ಅಥವಾ ನೆಲ್ಲಿಕಾಯಿ ಜೊತೆಗೆ. ಎರಡರ ನಡುವೆ ಎರಡು ಗಂಟೆ ಅಂತರ ಉಳಿಯುತ್ತದೆ, ಕಾಫಿಯೂ ಉಳಿಯುತ್ತದೆ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂಬ ಮಾತನ್ನು ಅತ್ತೆಯ ಎದುರೇ ಎತ್ತಿ ತೆಗೆಯಬೇಕು. ಅವಳೊಬ್ಬಳಿಗೆ ಹೇಳಿದರೆ ಪ್ರಯೋಜನವಿಲ್ಲ.

25 ವಾರಕ್ಕೆ 7.8 ಇರುವಾಗ ಇಷ್ಟನ್ನೇ ನೆಚ್ಚಿ ಕೂರಲು ಹೊತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಕೊಡಲು ನಿರ್ಧಾರವಾಯಿತು. ಲೆಕ್ಕ ಹೀಗೆ: ನೋಂದಣಿಯ ತೂಕ 44 ಕೆ.ಜಿ. × ಕೊರತೆ 3.2 (11ರಲ್ಲಿ 7.8 ಕಳೆದು) × 2.4, ಅಂದರೆ 338. ದೇಹದ ದಾಸ್ತಾನಿಗೆ 500 ಸೇರಿಸಿ ಸುಮಾರು 840 ಮಿ.ಗ್ರಾಂ. ಐರನ್ ಸುಕ್ರೋಸ್ ಒಂದು ಸಲಕ್ಕೆ 200 ಮಿ.ಗ್ರಾಂ, 100 ಮಿ.ಲೀ. ನಾರ್ಮಲ್ ಸಲೈನಿನಲ್ಲಿ, 15–20 ನಿಮಿಷದಲ್ಲಿ, ದಿನ ಬಿಟ್ಟು ದಿನ, ವಾರಕ್ಕೆ 600ಕ್ಕೆ ಮೀರದಂತೆ. ಡೆಕ್ಸ್ಟ್ರೋಸ್ ಬಾಟಲಿಗೆ ಬೆರೆಸಬಾರದು. ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆಟಕುವಂತಿರಬೇಕು, ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳಬೇಕು. ಅಷ್ಟು ದಿನ ಕಬ್ಬಿಣದ ಮಾತ್ರೆ ನಿಲ್ಲಿಸಬೇಕು. ಏಪ್ರಿಲ್ 15, 17, 19, 22ರಂದು ನಾಲ್ಕು ಸಲ ಆಯಿತು.

ನಾಲ್ಕು ಸಲ ಎಂದರೆ ನಾಲ್ಕು ದಿನದ ಕೂಲಿ ಮತ್ತು ಎಂಟು ಬಸ್ಸು. ರಕ್ತನಾಳಕ್ಕೇ ಕೊಡುವ ಇನ್ನೊಂದು ಕಬ್ಬಿಣ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಆಗಿದ್ದರೆ ಕೆ.ಜಿ.ಗೆ 20 ಮಿ.ಗ್ರಾಂ ಮಿತಿಯಲ್ಲಿ, 44 ಕೆ.ಜಿ.ಯವಳಿಗೆ 880ರವರೆಗೆ, ಒಂದೇ ಕೂತಿನಲ್ಲಿ ಮುಗಿಯುತ್ತಿತ್ತು. ಬಾಟಲಿಯ ಬೆಲೆ ಹೆಚ್ಚೆಂದು ಸುಕ್ರೋಸನ್ನೇ ತರಿಸುವವರು ಗರ್ಭಿಣಿಯ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎರಡನೆಯ ಸಲಕ್ಕೇ ಬರುವುದನ್ನು ಬಿಟ್ಟವರನ್ನು ‘ಸಹಕರಿಸಲಿಲ್ಲ’ ಎಂದು ಬರೆಯುವ ಮೊದಲು ಇದನ್ನು ನೆನೆಯಬೇಕು.

ಸೀಮಂತ, ತಕ್ಕಡಿ, ಮೂತ್ರ

ಏಪ್ರಿಲ್ 25ಕ್ಕೆ ಸೀಮಂತಕ್ಕೆಂದು ತವರಿಗೆ ಹೋದಳು. ತವರಿಗೆ ಹೋಗುವುದು ನಮ್ಮ ಕಡೆ ತಪ್ಪದು, ತಪ್ಪಿಸಲೂ ಬೇಕಿಲ್ಲ. ತಪ್ಪುವುದು ಎರಡು ಉಪಕೇಂದ್ರಗಳ ನಡುವಿನ ಮಾತುಕತೆ. ಮೇ 1ರಂದು ಅಲ್ಲಿ ತಪಾಸಣೆ ಆಯಿತು: 28 ವಾರ 4 ದಿನ, ತೂಕ 48, ಬಿ.ಪಿ. 116/74, ಹಿಮೋಗ್ಲೋಬಿನ್ 9.1, ಎರಡನೆಯ ಗ್ಲೂಕೋಸ್ ಪರೀಕ್ಷೆ 112.

ಮೇ 29ಕ್ಕೆ ತೋಟದ ಉಪಕೇಂದ್ರಕ್ಕೆ ಮರಳಿ ಬಂದಾಗ 32 ವಾರ 4 ದಿನ. ಹಿಮೋಗ್ಲೋಬಿನ್ 10.1, ಎಲ್ಲರಿಗೂ ಸಮಾಧಾನ. ಆ ಸಮಾಧಾನದಲ್ಲಿ ಉಳಿದ ಸಂಖ್ಯೆಗಳು ಮಸುಕಾದವು. ತೂಕ 52. ಬಿ.ಪಿ. 128/82. ಉಂಗುರ ಬಿಗಿಯಾಗಿತ್ತು. ಗರ್ಭಕೋಶದ ಎತ್ತರ ಟೇಪಿನಲ್ಲಿ 29 ಸೆ.ಮೀ.

ನಾಲ್ಕು ವಾರಕ್ಕೆ ನಾಲ್ಕು ಕೆ.ಜಿ. ಐದನೇ ತಿಂಗಳ ನಂತರ ತಿಂಗಳಿಗೆ ಸುಮಾರು 2 ಕೆ.ಜಿ. ಏರುವುದು ವಾಡಿಕೆ, 3 ದಾಟಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಮೊದಲು ಶಂಕಿಸಬೇಕು. ‘ಆ ತಕ್ಕಡಿ ಬೇರೆ, ಈ ತಕ್ಕಡಿ ಬೇರೆ’ ಎಂಬ ಉತ್ತರ ಬಂತು. ಅದು ನಿಜವೂ ಆಗಿರಬಹುದಿತ್ತು, ಆದರೆ ನೋಡಿ ತಿಳಿಯಲು ಎರಡು ನಿಮಿಷ ಸಾಕು: 20 ಲೀಟರಿನ ನೀರಿನ ಕ್ಯಾನ್ ತುಂಬಿಸಿ ಇಟ್ಟರೆ ಕ್ಯಾನಿನ ತೂಕ ಸೇರಿ 21ರ ಹತ್ತಿರ ತೋರಬೇಕು. ತೋರಿತು. ಹಾಗಿದ್ದರೆ ಏರಿದ್ದು ಅವಳ ತೂಕವೇ. ಬಿ.ಪಿ. 140/90 ಮುಟ್ಟಿರಲಿಲ್ಲ ನಿಜ. ಆದರೆ 104/66ರಿಂದ 128/82ಕ್ಕೆ ಬಂದದ್ದನ್ನು ಕಾಣಲು ಕಾರ್ಡಿನ ಹಿಂದಿನ ಕಾಲಂಗಳನ್ನು ಓದಬೇಕಿತ್ತು. ಗರ್ಭಕೋಶದ ಎತ್ತರ ಈ ಹೊತ್ತಿನಲ್ಲಿ ವಾರಕ್ಕೆ ಸರಿಸುಮಾರು ಒಂದು ಸೆ.ಮೀ. ಲೆಕ್ಕ, ಮೂರಕ್ಕಿಂತ ಹಿಂದೆ ಬಿದ್ದರೆ ಮಗು ಬೆಳೆಯುತ್ತಿಲ್ಲವೆಂಬ ಅನುಮಾನ. ಒಂದೊಂದನ್ನೇ ನೋಡಿದರೆ ತೂಕ ಬಿಟ್ಟು ಉಳಿದವು ಗೆರೆಯ ಅಂಚಿನಲ್ಲೇ ಇದ್ದವು. ಕೂಡಿಸಿ ನೋಡಿದರೆ ಕತೆ ಬೇರೆ.

ಮೂತ್ರದ ಸ್ಟ್ರಿಪ್ಪು ಪ್ರೊಟೀನ್ ಇಲ್ಲ ಎಂದಿತು. ಆದರೆ ಆ ಡಬ್ಬಿ ಮುಚ್ಚಳ ಸಡಿಲಾಗಿ ಕಿಟಕಿ ಕಟ್ಟೆಯ ಮೇಲಿತ್ತು. ಮಲೆನಾಡಿನ ತೇವಕ್ಕೆ ಸ್ಟ್ರಿಪ್ಪಿನ ರಾಸಾಯನಿಕ ಬಲುಬೇಗ ಕೆಡುತ್ತದೆ. ಬಳಸದ ಸ್ಟ್ರಿಪ್ಪಿನ ಬಣ್ಣವೇ ಡಬ್ಬಿಯ ಮೇಲಿನ ಸೊನ್ನೆಯ ಬಣ್ಣಕ್ಕೆ ಹೊಂದದಿದ್ದರೆ ಇಡೀ ಡಬ್ಬಿ ಕಸಕ್ಕೆ. ಸಿಸ್ಟರ್ ಹಳೆಯ ವಿಧಾನಕ್ಕೆ ಹೋದರು, ಇದು ಈ ಪ್ರಕರಣದ ಒಳ್ಳೆಯ ಕೆಲಸಗಳಲ್ಲೊಂದು. ನಡುಧಾರೆಯ ಮೂತ್ರವನ್ನು ಪರೀಕ್ಷಾ ನಳಿಕೆಯ ಮುಕ್ಕಾಲು ಭಾಗ ತುಂಬಿ, ಓರೆ ಹಿಡಿದು ಮೇಲಿನ ಭಾಗ ಮಾತ್ರ ಕುದಿಸುವುದು. ಮೋಡ ಕಟ್ಟಿದರೆ 3% ಅಸಿಟಿಕ್ ಆಮ್ಲ ನಾಲ್ಕೈದು ಹನಿ. ಮೋಡ ಕರಗಿದರೆ ಅದು ಫಾಸ್ಫೇಟ್, ಉಳಿದರೆ ಅಲ್ಬುಮಿನ್. ತೆಳುವಾಗಿ ಉಳಿಯಿತು.

ವಾರಕ್ಕೊಮ್ಮೆ ಬಿ.ಪಿ. ಎಂದು ಬರೆಯಲಾಯಿತು. ಜೂನ್ 5ರ ಗುರುವಾರ ಮಳೆಗೆ ಅವಳು ಬರಲಿಲ್ಲ, ಯಾರೂ ಹೋಗಲೂ ಇಲ್ಲ. ಮಳೆಗಾಲದಲ್ಲಿ ‘ಬಂದು ತೋರಿಸಿ’ ಎಂಬ ಸಲಹೆಗೆ ಬೆಲೆ ಇಲ್ಲ. ಇಂಥವರ ಮನೆಗೆ ಬಿ.ಪಿ. ಯಂತ್ರವೇ ಹೋಗಬೇಕು.

34 ವಾರ

ಜೂನ್ 9, 34 ವಾರ 1 ದಿನ: 146/94. ಕೂರಿಸಿ ನಾಲ್ಕು ಗಂಟೆ ಬಿಟ್ಟು ನೋಡಿದಾಗ 144/92. ಪ್ರೊಟೀನ್ 1+. ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿ.ಪಿ. ಏರಿ ಮೂತ್ರದಲ್ಲಿ ಪ್ರೊಟೀನ್ ಹೋಗುವ ಕಾಯಿಲೆ, ಖಚಿತ; ತೀವ್ರ ಲಕ್ಷಣಗಳಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್, ಕ್ರಿಯೇಟಿನಿನ್, ಯಕೃತ್ತಿನ ಪರೀಕ್ಷೆ ಸರಿಯಿದ್ದವು. ಬಿ.ಪಿ. ಇಳಿಸಲು ಲೆಬೆಟಲಾಲ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ. ಉಪ್ಪು ಬಿಡಿಸಲಿಲ್ಲ, ಊತ ಇಳಿಸಲು ನೀರಿನ ಮಾತ್ರೆ ಕೊಡಲಿಲ್ಲ. ಎರಡೂ ಇಲ್ಲಿ ಉಪಯೋಗಕ್ಕಿಲ್ಲ, ನೀರಿನ ಮಾತ್ರೆಯಿಂದ ಕೆಡುಕೇ ಹೆಚ್ಚು.

37 ವಾರಕ್ಕೆ, ಅಂದರೆ ಜೂನ್ 29ಕ್ಕೆ, ಹೆರಿಗೆ ಮಾಡಿಸುವುದು. ಮಳೆಯ ದಾರಿ ನಂಬುವಂತಿಲ್ಲವಾದ್ದರಿಂದ 24ಕ್ಕೇ ಹಾಸನಕ್ಕೆ ಸೇರಿಸುವುದು ಎಂದು ತೀರ್ಮಾನ. ಕಾರ್ಡಿನ ಹಿಂದೆ ದೊಡ್ಡಕ್ಷರದಲ್ಲಿ ಬರೆದರು: ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು, ವಾಂತಿ, ಮೂತ್ರ ಕಡಿಮೆ, ಮಗುವಿನ ಅಲುಗಾಟ ಕಡಿಮೆ. ಇದರಲ್ಲಿ ಯಾವುದೊಂದಾದರೂ ಬೆಳಗಾಗುವುದನ್ನು ಕಾಯಬಾರದು. ತೋಟದ ಜೀಪಿನ ಚಾಲಕನ ಸಂಖ್ಯೆ, ರಕ್ತ ಕೊಡಬಲ್ಲ ಇಬ್ಬರ ಹೆಸರೂ ಅಲ್ಲೇ. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಡೆಕ್ಸಾಮೆಥಸೋನ್ 34 ವಾರದೊಳಗಿನವರಿಗೆ. ಆ ಗೆರೆ ದಾಟಿದ್ದರಿಂದ ಕೊಡಲಿಲ್ಲ. ವಿಜಯದಶಮಿಯ ಲೆಕ್ಕ ಇಲ್ಲದಿದ್ದರೆ ಇಲ್ಲಿ ತಡಕಾಡಬೇಕಾಗುತ್ತಿತ್ತು.

ಜೂನ್ 21ರ ರಾತ್ರಿ

35 ವಾರ 6 ದಿನ. ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿದೆ. ರಾತ್ರಿ ಒಂಬತ್ತೂವರೆಗೆ ತಲೆನೋವು, ದೀಪದ ಸುತ್ತ ಮಂಜು ಎಂದಳು. ಗಂಡ ಆಶಾಗೆ, ಆಶಾ ಸಿಸ್ಟರಿಗೆ ಮತ್ತು 108ಕ್ಕೆ ಕರೆ. ಮರದ ಆಚೆ ಆಂಬುಲೆನ್ಸ್ ಬಂದು ನಿಲ್ಲುವುದು, ಈಚೆಯಿಂದ ತೋಟದ ಜೀಪು ಅಲ್ಲಿವರೆಗೆ ಮುಟ್ಟಿಸುವುದು ಎಂದಾಯಿತು. ಜೀಪು ಉಪಕೇಂದ್ರಕ್ಕೆ ಬಂದಾಗ ಬಿ.ಪಿ. 170/112.

160/110 ದಾಟಿ ತಲೆನೋವು, ಕಣ್ಣು ಮಂಜು ಇದ್ದರೆ ಫಿಟ್ಸ್ ಬರುವವರೆಗೆ ಕಾಯಬಾರದು. ಸಾಗಿಸುವ ಮೊದಲೇ ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್. ಉಪಕೇಂದ್ರದಲ್ಲಿ ಕೊಡಬಹುದಾದ್ದು ಸ್ನಾಯುವಿಗೆ 10 ಗ್ರಾಂ: ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಆಳವಾಗಿ, ಉದ್ದ ಸೂಜಿಯಲ್ಲಿ, ನೋವು ತಡೆಯಲು 2% ಲಿಗ್ನೋಕೇನ್ 1 ಮಿ.ಲೀ. ಬೆರೆಸಿ. 50% ದ್ರಾವಣದ 2 ಮಿ.ಲೀ. ಆಂಪ್ಯೂಲಿನಲ್ಲಿ ಇರುವುದು 1 ಗ್ರಾಂ; ಹಾಗಾಗಿ ಆ ಕಡೆಗೆ ಐದು, ಈ ಕಡೆಗೆ ಐದು, ಒಟ್ಟು ಹತ್ತು ಆಂಪ್ಯೂಲು. ಎಷ್ಟೋ ಕಡೆ ಟ್ರೇಯಲ್ಲಿ ಎರಡು ಇಟ್ಟು ‘ಸ್ಟಾಕ್ ಇದೆ’ ಎಂದು ಬರೆದಿರುತ್ತಾರೆ. ಎರಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಲ್ಲಿ ಹನ್ನೆರಡಿದ್ದವು. ಟಾರ್ಚ್ ಬೆಳಕಿನಲ್ಲಿ ಹತ್ತು ಆಂಪ್ಯೂಲು ಒಡೆದು ಎಳೆಯಲು ಇಬ್ಬರು ಬೇಕು. ಒಬ್ಬರು ಎಳೆಯುವುದು, ಇನ್ನೊಬ್ಬರು ಎಣಿಸುವುದು. ಬಿ.ಪಿ.ಗೆ ನಿಫೆಡಿಪಿನ್ 10 ಮಿ.ಗ್ರಾಂ ನುಂಗಿಸಿದರು. ನಾಲಿಗೆ ಕೆಳಗಿಟ್ಟರೆ ಒತ್ತಡ ಧಡಕ್ಕನೆ ಕುಸಿದು ಮಗುವಿಗೆ ರಕ್ತ ಕಡಿಮೆಯಾಗಬಹುದು. ಅರ್ಧ ಗಂಟೆಗೆ 156/100.

ಎಡ ಮಗ್ಗುಲಿಗೆ ಮಲಗಿಸಿ ಜೀಪಿನಲ್ಲಿ ಮರದವರೆಗೆ, ಅಲ್ಲಿಂದ ಸ್ಟ್ರೆಚರಿನಲ್ಲಿ ದಾಟಿಸಿ ಆಂಬುಲೆನ್ಸಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಿಲ್ಲದೆ ನೇರ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಮೊದಲೇ ಫೋನ್ ಮಾಡಿ. ತೀವ್ರ ಪ್ರಿ-ಎಕ್ಲಾಂಪ್ಸಿಯಾಗೆ ಹೆರಿಗೆಯೇ ಔಷಧ. ರಕ್ತನಿಧಿ, ಅರಿವಳಿಕೆ ತಜ್ಞರು, ನವಜಾತ ಶಿಶು ಘಟಕ ಮೂರೂ ಒಂದೇ ಕಡೆ ಇರುವಲ್ಲಿಗೆ ಹೋಗಬೇಕು, ನಡುವೆ ಇಳಿಸಿ ಮತ್ತೆ ಹತ್ತಿಸುವುದರಲ್ಲಿ ಹೊತ್ತು ಹೋಗುತ್ತದೆ. ರೆಫರಲ್ ಚೀಟಿಯಲ್ಲಿ ಒಂದು ಸಾಲು ತಪ್ಪದೆ ಇತ್ತು: ‘ಮ್ಯಾಗ್‌ಸಲ್ಫ್ 10 ಗ್ರಾಂ ಸ್ನಾಯುವಿಗೆ, ರಾತ್ರಿ 10.20.’ ಇಲ್ಲದಿದ್ದರೆ ಅಲ್ಲಿ ಮೊದಲ ಡೋಸನ್ನೇ ಮತ್ತೆ ಕೊಟ್ಟುಬಿಡುವ ಅಪಾಯವಿದೆ. ಆ ಸಾಲಿನಿಂದಾಗಿ 2.20ಕ್ಕೆ ಮುಂದಿನ 5 ಗ್ರಾಂ ಮಾತ್ರ ಬಿತ್ತು, ಅದೂ ಮಂಡಿ ತಟ್ಟಿದರೆ ಕಾಲು ಚಿಮ್ಮುತ್ತಿದೆ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಿಲ್ಲ, ಮೂತ್ರ ಗಂಟೆಗೆ 30 ಮಿ.ಲೀ.ಗೆ ಇಳಿದಿಲ್ಲ ಎಂದು ನೋಡಿದ ಮೇಲೆ. ವಿಷವೇರಿದರೆ ಕೊಡಲು 10% ಕ್ಯಾಲ್ಸಿಯಂ ಗ್ಲೂಕೋನೇಟ್ 10 ಮಿ.ಲೀ. ಪಕ್ಕದಲ್ಲೇ ಇತ್ತು.

ಹೆರಿಗೆ, ಆಮೇಲೆ

ನೋವು ಬರಿಸಿ 22ರ ಸಂಜೆ ಸಹಜ ಹೆರಿಗೆ; ಹೆಣ್ಣು ಮಗು, 2.05 ಕೆ.ಜಿ. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಬಿ.ಪಿ. ಇರುವವರಿಗೆ ಮೀಥೈಲ್‌ಎರ್ಗೋಮೆಟ್ರಿನ್ ಕೊಡಬಾರದು, ಒತ್ತಡ ಇನ್ನೂ ಏರಿಸುತ್ತದೆ. ಎರಡನ್ನೂ ಒಂದೇ ಟ್ರೇಯಲ್ಲಿ ಪಕ್ಕಪಕ್ಕ ಇಡುವ ಅಭ್ಯಾಸ ಬಿಡಬೇಕು. ಏಪ್ರಿಲ್‌ನಲ್ಲಿ ಕೊಟ್ಟ ಕಬ್ಬಿಣದ ಬೆಲೆ ಇಲ್ಲಿ ಕಂಡಿತು: 10ರ ಆಸುಪಾಸಿನಲ್ಲಿ ಹೆರಿಗೆಗೆ ಹೋದವಳು ಹೊರಬಂದದ್ದು 9.2ರಲ್ಲಿ, ರಕ್ತ ಹಾಕಬೇಕಾಗಲಿಲ್ಲ. 7.8ರಲ್ಲಿ ಹೋಗಿದ್ದರೆ ಅಷ್ಟೇ ಸ್ರಾವ ಬೇರೆ ಲೆಕ್ಕವಾಗುತ್ತಿತ್ತು. ಮ್ಯಾಗ್ನೀಷಿಯಂ ಇನ್ನೂ 24 ಗಂಟೆ ಮುಂದುವರಿಯಿತು. ಮಗುವನ್ನು ಎದೆಗಂಟಿಸಿ ಕಾಂಗರೂ ಆರೈಕೆ.

ಹೆರಿಗೆಯಾದ ಕೂಡಲೇ ಬಿ.ಪಿ. ಮುಗಿಯುವುದಿಲ್ಲ, ಮೂರರಿಂದ ಆರನೆಯ ದಿನಕ್ಕೆ ಮತ್ತೆ ಏರುವುದೇ ಹೆಚ್ಚು. ಆದ್ದರಿಂದ ಮನೆಗೆ ಕಳಿಸಿದ್ದು ಏಳನೆಯ ದಿನ. ಆಶಾ 14, 21, 28, 42ನೇ ದಿನದ ಭೇಟಿಗೆ ಹೋದಾಗ ಮಗುವಿನ ತೂಕದ ಜೊತೆ ತಾಯಿಯ ತಲೆನೋವನ್ನೂ ಕೇಳಬೇಕೆಂದು, 14 ಮತ್ತು 42ಕ್ಕೆ ಸಿಸ್ಟರ್ ಬಿ.ಪಿ. ಯಂತ್ರ ಒಯ್ಯಬೇಕೆಂದು ಬರೆದುಕೊಟ್ಟರು. ಬಾಣಂತನಕ್ಕೆ ಅರಸೀಕೆರೆಗೆ ಹೋಗುವುದರಿಂದ ಈ ಸಲ ಅಲ್ಲಿನ ಸಿಸ್ಟರಿಗೆ ಫೋನ್ ಮಾಡಿ ತಿಳಿಸಿದರು. ಕಬ್ಬಿಣದ ಮಾತ್ರೆ ಇನ್ನೂ 180 ದಿನ, ಕ್ಯಾಲ್ಸಿಯಂ ಆರು ತಿಂಗಳು. ಬಾಣಂತಿಗೆ ಸೊಪ್ಪು ಬೇಡ, ನೀರು ಕಡಿಮೆ ಎಂಬ ಪಥ್ಯದ ನಡುವೆ ಇವೂ ನಿಂತುಹೋಗುವುದುಂಟು.

ಬಿಡುಗಡೆ ಚೀಟಿಯ ಕೊನೆಯ ಸಾಲು ಮುಂದಿನ ಬಸಿರಿನದು: 12 ವಾರದೊಳಗೆ ನೋಂದಣಿ, 12ನೇ ವಾರದಿಂದ ದಿನಕ್ಕೆ ಆಸ್ಪಿರಿನ್ 75 ಮಿ.ಗ್ರಾಂ, ಮೊದಲ ಭೇಟಿಯಿಂದಲೇ ತೆಳು ತೋಳಿನ ಪಟ್ಟಿಯಲ್ಲಿ ಬಿ.ಪಿ. ಸಾಹ್ಲಿ ಪೆಟ್ಟಿಗೆಯ ಗಾಜು ಬದಲಿಸಲು ಉಪಕೇಂದ್ರದಿಂದ ಇಂಡೆಂಟ್ ಹೋಯಿತು, ಅದು ಬರುವವರೆಗೆ ರಕ್ತ ನೋಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಯಂತ್ರದಲ್ಲಿ. ಅದೇ ಗಾಜಿನಿಂದ ‘ಹತ್ತರ ಮೇಲೆ’ ಎಂದು ಬರೆಸಿಕೊಂಡಿದ್ದ ಉಳಿದ ಗರ್ಭಿಣಿಯರನ್ನೆಲ್ಲ ಮತ್ತೆ ಕರೆಸಿ ಅಳೆಯಲಾಯಿತು.